ಬಟ್ಟೆಯಿಲ್ಲದ ಹೊಲಿಗೆ

ಕೆಮ್ಮು ಬಂದಾಗಲೆಲ್ಲ ದರ್ಜಿಯಮ್ಮ ಹೊಲಿಗೆಯಂತ್ರದ ಪೆಡಲ್ ತುಳಿಯುತ್ತಿದ್ದಳು. ಸೂಜಿಯ ಕೆಳಗೆ ಬಟ್ಟೆ ಇರಲೇಬೇಕೆಂದಿರಲಿಲ್ಲ. ಹಳೆಯ ಯಂತ್ರ, ಅದರ ಕಟಕಟ ಸದ್ದಿನಲ್ಲಿ ಎಂಥ ಕೆಮ್ಮೂ ಮುಳುಗಿಹೋಗುತ್ತಿತ್ತು. ಆಮೇಲೆ ಬಾಯಿಗೆ ಒತ್ತಿಕೊಂಡ ತುಂಡುಬಟ್ಟೆಯನ್ನು ನೋಡಿ, ರಕ್ತದ ಕಲೆ ಒಳಗಾಗುವಂತೆ ಮಡಚಿ, ಚೂರುಬಟ್ಟೆಗಳ ಚೀಲದ ತಳಕ್ಕೆ ತುರುಕುವಳು. ಚೀಲದಲ್ಲಿ ಎಲ್ಲ ಬಣ್ಣದ ಚೂರುಗಳೂ ಇದ್ದವು.

ಅವಳು ಜನ್ಮದಲ್ಲಿ ಸಿಗರೇಟು ಮುಟ್ಟಿದವಳಲ್ಲ. ಸೇದುತ್ತಿದ್ದವನು ತಮ್ಮ. ಶ್ವಾಸಕೋಶದ ಕ್ಯಾನ್ಸರ್ ಅವನನ್ನು ಹಾಸಿಗೆ ಹಿಡಿಸಿದಾಗ, ನೋಡಲು ಬಂದವರ ಮುಂದೆ ‘ಮಾಡಿದ್ದುಣ್ಣೋ ಮಹಾರಾಯ’ ಎಂದವಳು ಇವಳೇ. ಬಂದವರು ತಲೆದೂಗಿದ್ದರು. ತಮ್ಮ ಗೋಡೆಯ ಕಡೆ ಹೊರಳಿದ್ದ. ಅವನು ಹೋದಮೇಲೂ ಜನ ಕೇಳಿದ್ದು ಒಂದೇ, ‘ಸೇದ್ತಿದ್ನಾ?’ ಹೌದೆಂದರೆ ಅವರಿಗೆ ಏನೋ ನೆಮ್ಮದಿ.

ಒಳಕೋಣೆಯಲ್ಲಿ ಕೂತು ಅಂಗಿಗಳಿಗೆ ಗುಂಡಿ ಹೊಲಿಯುವವಳು ತಮ್ಮನ ಹೆಂಡತಿ. ಅಂದು ಮಧ್ಯಾಹ್ನ ಅವಳು ಎದ್ದು ಬಂದಳು.

“ಅತ್ತಿಗೆ, ಬೆಳಗ್ಗೆಯಿಂದ ಮೆಷಿನ್ನು ಓಡ್ತಾನೇ ಇದೆ. ಒಂದು ಅಂಗಿನೂ ಒಳಗೆ ಬಂದಿಲ್ಲ.”

“ಎಣ್ಣೆ ಬಿಟ್ಟಿದ್ದೆ. ಇಳೀಲಿ ಅಂತ ತುಳಿದೆ.”

“ದಿನಾ ಎಣ್ಣೆನಾ? ಇದೇನು ಮೆಷಿನ್ನೋ, ಗಾಣಾನೋ?” ನಗಿಸುವ ಮಾತನ್ನು ಅವಳು ನಗದೇ ಆಡಿದಳು. “ನಿಮ್ಮ ತಮ್ಮ ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಕೆಮ್ಮೋರು. ನೀರು ಪೋಲು ಮಾಡ್ತೀರಾ ಅಂತ ನಾನು ಬೈತಿದ್ದೆ. ನಾಳೆ ಡಾಕ್ಟರ ಹತ್ರ ಹೋಗೋಣ, ಬನ್ನಿ.”

ದರ್ಜಿಯಮ್ಮನ ಕೈ ಚೀಲದ ಕಡೆ ಸರಿಯಿತು. ತೆಗೆದು ತೋರಿಸಿಬಿಡಬೇಕೆನಿಸಿತು. ಬಾಯಿ ತೆರೆದಳು; ಮಾತಿಗಿಂತ ಮೊದಲು ಕೆಮ್ಮು ಬಂತು. ಯಂತ್ರ ನಿಂತಿತ್ತು.

ಹೊಸ ಅಂಗಿಗೆ ಅಳತೆ ಕೊಡಲು ಬಂದಿದ್ದ ಅಂಚೆಯಣ್ಣ ಹೊಸ್ತಿಲಲ್ಲೇ ನಿಂತ.

“ಏನಕ್ಕಾ, ತಮ್ಮ ಬಿಟ್ಟುಹೋದ ಆಸ್ತಿ ಪ್ಯಾಕೆಟ್ಟೇ ಏನು? ಕದ್ದು ಸೇದ್ತಿದೀರಾ?” ತಾನೇ ನಕ್ಕ. ನಕ್ಕಮೇಲೆ ಮೂಗರಳಿಸಿ ಕೋಣೆಯ ಗಾಳಿಯನ್ನೊಮ್ಮೆ ಮೂಸಿಯೂ ನೋಡಿದ.

“ದೂಳು,” ಎಂದಳು ದರ್ಜಿಯಮ್ಮ. “ಬಟ್ಟೆ ದೂಳು, ಅಷ್ಟೇ.” ಆಮೇಲೆ ತಮ್ಮನ ಹೆಂಡತಿಯ ಮುಖ ನೋಡದೆ, “ನಾಳೆ ಕೈತುಂಬ ಕೆಲಸ ಇದೆ. ಎಲ್ಲಿಗೂ ಬರೋಕಾಗಲ್ಲ.”

ತಮ್ಮನ ಹೆಂಡತಿ ಒಳಗೆ ಹೋಗಿ ಗುಂಡಿಯ ಡಬ್ಬಿ ಮುಂದಿಟ್ಟುಕೊಂಡು ಕೂತಳು. ಹೊರಗೆ ಯಂತ್ರ ಶುರುವಾಯಿತು. ಸಂಜೆಯವರೆಗೂ ಓಡುತ್ತಲೇ ಇತ್ತು. ಒಂದು ಅಂಗಿಯೂ ಒಳಗೆ ಬರಲಿಲ್ಲ.