ಲೊಚಗುಟ್ಟುವ ಪೆಟ್ಟಿಗೆ

ನನ್ನ ಐದನೇ ‘ಬಿ’ ತರಗತಿಯ ಕರಿಹಲಗೆಯ ಮೇಲೆ, ಗಡಿಯಾರ ಇರಬೇಕಾದ ಜಾಗದಲ್ಲಿ, ಆ ಪೆಟ್ಟಿಗೆ ಕೂತಿತ್ತು. ಮರದ ಮೈ, ಕಂದು ಬಟ್ಟೆ ಬಿಗಿದ ಮುಖ, ಆ ಮುಖದ ನಟ್ಟನಡುವೆ ನನ್ನ ಗೆಳತಿ ಕುಮುದಿನಿ ಇಟ್ಟ ಕುಂಕುಮ. ತುಸು ಮುಂದಕ್ಕೆ ಬಾಗಿಸಿ ಮೊಳೆ ಹೊಡೆದಿದ್ದರಿಂದ, ಕಿವಿ ಮಂದವಾದ ಸೋದರತ್ತೆಯೊಬ್ಬಳು ‘ಏನಂದೆ?’ ಎಂದು ತಲೆ ಚಾಚಿದ ಹಾಗೆ ಕಾಣುತ್ತಿತ್ತು. ಇಷ್ಟು ವರ್ಷಗಳ ಮೇಲೂ ಆ ಶಾಲೆಯ ಮಾತು ಬಂದರೆ ನನ್ನ ಕಣ್ಣಿಗೆ ಮೊದಲು ಕಟ್ಟುವುದು ಮಕ್ಕಳ ಮುಖವಲ್ಲ, ಆ ಪೆಟ್ಟಿಗೆಯದು.

ಪೆಟ್ಟಿಗೆಗಳು ಬರುವ ಮುನ್ನ ನಮ್ಮ ಶಾಲೆಯಲ್ಲಿ ಸುದ್ದಿ ಕಾಲ ಮೇಲೆ ನಡೆಯುತ್ತಿತ್ತು. ಜವಾನ ಸೂಚನೆಯ ಪುಸ್ತಕ ಹಿಡಿದು ತರಗತಿಯಿಂದ ತರಗತಿಗೆ ಹೋಗುವುದು, ನಾವು ಪಾಠ ನಿಲ್ಲಿಸಿ ಓದುವುದು, ಅವನು ಕೊನೆಯ ಕೋಣೆ ಮುಟ್ಟುವ ಹೊತ್ತಿಗೆ ನಾಳೆಯ ಸೂಚನೆ ನಿನ್ನೆಯದಾಗಿರುವುದು. ಹೆಡ್ ಮಾಸ್ಟರು ಪುಟ್ಟರಾಜಯ್ಯನವರಿಗೆ ಇದು ಸರಿಬರಲಿಲ್ಲ. ಯಾರೋ ದಾನಿಗಳನ್ನು ಹಿಡಿದು ಪ್ರತಿ ತರಗತಿಗೊಂದು, ನಾವು ಹೆಂಗಸರು ಕೂತು ಊಟ ಮಾಡುವ ಕೋಣೆಗೊಂದು ಸ್ಪೀಕರ್ ಪೆಟ್ಟಿಗೆ ಹಾಕಿಸಿದರು. ಎಲ್ಲದರ ತಂತಿಯೂ ಆಫೀಸಿನ ದೊಡ್ಡ ಮಿಷನ್ನಿಗೆ. ಅದರ ಮೇಲೆ ಸಾಲಾಗಿ ಸ್ವಿಚ್ಚುಗಳು, ಪಕ್ಕದಲ್ಲಿ ಹಾವಿನ ಹೆಡೆಯ ಹಾಗೆ ಎದ್ದುನಿಂತ ಮೈಕು.

ಮೊದಲ ದಿನ ಮೈಕಿನ ಮುಂದೆ ಅವರೇ ಮಾತಾಡಿದರು. ಹೊಸದಾಗಿ ಹಲ್ಲಿನ ಸೆಟ್ಟು ಹಾಕಿಸಿಕೊಂಡಿದ್ದ ಅವರ ಒಂದೊಂದು ‘ಸ’ಕಾರಕ್ಕೂ ಪೆಟ್ಟಿಗೆಗಳು ಸೀಟಿ ಹೊಡೆದವು. ಮಕ್ಕಳು ಬೆಂಚಿನ ಕೆಳಗೆ ತಲೆ ಹಾಕಿಕೊಂಡು ನಕ್ಕರು. ಮಾರನೆಯ ದಿನವೇ ಮೈಕು ಕುಮುದಿನಿಗೆ ಹೋಯಿತು.

ಅವಳ ದನಿಯೋ, ಕಾಯಿಸಿದ ತುಪ್ಪ. ಸುಮ್ಮನೆ ‘ನಾಳೆ ಶುಲ್ಕ ಕಟ್ಟತಕ್ಕದ್ದು’ ಎಂದರೂ ಕೇಳಿದವರಿಗೆ ಕಟ್ಟಿಬಿಡೋಣ ಅನ್ನಿಸಬೇಕು. ಪಾಪ, ಹಂಗಾಮಿ ಟೀಚರು. ಗಂಡ ಕಾಯಿಲೆಯವನು, ಮನೆ ಇವಳ ತಲೆಯ ಮೇಲೆ. ಪುಟ್ಟರಾಜಯ್ಯನವರು ‘ಕಾಯಂ ಮಾಡ್ಸೋಣ, ನೋಡೋಣ’ ಎನ್ನುತ್ತ ವರ್ಷಗಳನ್ನೇ ದಾಟಿಸಿದ್ದರು. ಮೈಕು ಸಿಕ್ಕ ದಿನ ಅವಳು ನನ್ನ ಕೈ ಹಿಡಿದು, “ಇನ್ನು ನನ್ನನ್ನ ಬಿಡೋಕಾಗಲ್ಲ ಕಣೇ ಇವರಿಗೆ” ಎಂದು ಕುಣಿದಿದ್ದಳು. ಆಯುಧಪೂಜೆಗೆ ನಾನು ತಟ್ಟೆ ಹಿಡಿದೆ, ಅವಳು ಬೆಂಚು ಹತ್ತಿ ಒಂದೊಂದು ಪೆಟ್ಟಿಗೆಯ ಹಣೆಗೂ ಕುಂಕುಮ ಇಟ್ಟಳು.

ಒಂದೇ ಬೇಜಾರು. ಅವಳು ಮಧ್ಯಾಹ್ನ ನಮ್ಮ ಜೊತೆ ಊಟಕ್ಕೆ ಕೂರುವುದು ತಪ್ಪಿತು. ಹೆಡ್ ಮಾಸ್ಟರು ಊಟಕ್ಕೆ, ಆಮೇಲೊಂದು ಸಣ್ಣ ನಿದ್ದೆಗೆ, ಮನೆಗೆ ಹೋಗುವವರು. ಆ ಹೊತ್ತಿನಲ್ಲಿ ಮಿಷನ್ನಿನ ಬಳಿ ಯಾರಾದರೂ ಇರಲೇಬೇಕಂತೆ.

ನಮ್ಮ ಊಟದ ಕೋಣೆಯಲ್ಲಿ ಒಂದು ಪದ್ಧತಿ ಇತ್ತು. ಡಬ್ಬಿ ತೆರೆದ ಕೂಡಲೇ ಮುಚ್ಚಳವನ್ನು ಅಂಗಾತ ಮಾಡಿ, ಮನೆಯಿಂದ ತಂದದ್ದರಲ್ಲಿ ಮೊದಲ ಚಮಚ ಅದಕ್ಕೆ ಹಾಕಿ ಪಕ್ಕದವರ ಕಡೆ ತಳ್ಳುವುದು. ಮುಚ್ಚಳಗಳು ಒಂದು ಸುತ್ತು ಹೊಡೆದು ಬರುವಷ್ಟರಲ್ಲಿ ಎಲ್ಲರ ಮನೆಯ ಸಾರೂ ಎಲ್ಲರ ನಾಲಿಗೆಗೆ ಮುಟ್ಟಿರುತ್ತಿತ್ತು, ಎಲ್ಲರ ಮನೆಯ ಸುದ್ದಿಯೂ ಕಿವಿಗೆ. ಕುಮುದಿನಿಯ ಪಾಲನ್ನು ನಾನು ನನ್ನ ಮುಚ್ಚಳದಲ್ಲಿ ಇಟ್ಟುಕೊಂಡು, ಊಟ ಮುಗಿದ ಮೇಲೆ ಆಫೀಸಿಗೆ ಒಯ್ದು ಕೊಡುತ್ತಿದ್ದೆ. ಅವಳು ಬೆರಳು ಚೀಪುತ್ತ, “ಇದು ಅಂಬುಜಾಕ್ಷಿ ಮೇಡಂ ಗೊಜ್ಜು, ಅಲ್ವಾ?” ಎನ್ನುವಳು.

ಅಂಬುಜಾಕ್ಷಿ ಮೇಡಂ ಹೊಲಿಗೆ ಕಲಿಸುವವರು, ನಮ್ಮೆಲ್ಲರಿಗೂ ಹಿರಿಯರು. ಫಿಲೋಮಿನಾ ಟೀಚರು ಇಂಗ್ಲಿಷಿನವರು, ಯಾರನ್ನು ಬೇಕಾದರೂ ಅನುಕರಿಸಬಲ್ಲ ಗಂಟಲು. ಒಂದು ದಿನ ಫಿಲೋಮಿನಾ ಟೀಚರು ಚಮಚ ಮೈಕಿನಂತೆ ಹಿಡಿದು, “ಸಮಸ್ತ ಸಿಬ್ಬಂದಿಗೆ ಸೂಚನೆ” ಎಂದು ಹೆಡ್ ಮಾಸ್ಟರ ಸೀಟಿ ಸಮೇತ ಹೇಳಿದಾಗ ನಮಗೆ ಅನ್ನ ನೆತ್ತಿಗೇರಿತು. ಅದರ ನಡುವೆ ಗೋಡೆಯ ಕಡೆಯಿಂದ ‘ಟಕ್’ ಎಂದಿತು.

“ಹಲ್ಲಿ ಲೊಚಗುಟ್ಟಿತು! ಕೃಷ್ಣ ಕೃಷ್ಣ” ಎಂದು ಅಂಬುಜಾಕ್ಷಿ ಮೇಡಂ ಬೆರಳ ಗೆಣ್ಣಿನಿಂದ ಬೆಂಚು ತಟ್ಟಿದರು. “ನೀನು ಮಾಡಿ ತೋರ್ಸಿದ್ದು ಸತ್ಯ ಕಣೇ ಫಿಲೋಮಿನಾ.”

ಆ ಶಬ್ದ ಆಗಾಗ ಬರುತ್ತಿತ್ತು. ಬಂದಾಗಲೆಲ್ಲ ನಾವು ಬೆಂಚು ತಟ್ಟಿ ‘ಸತ್ಯ’ ಎನ್ನುತ್ತಿದ್ದೆವು. ಮಾತಿನ ನಡುವೆ ಹಲ್ಲಿ ನುಡಿದರೆ ಆಡಿದ್ದು ನಿಜ ಎಂದು ಹುಟ್ಟಿದಂದಿನಿಂದ ಕೇಳಿಕೊಂಡು ಬಂದವರು ನಾವು. ಆ ಗೋಡೆಯ ಮೇಲೆ ಹಲ್ಲಿಯನ್ನು ಕಂಡವರು ಮಾತ್ರ ಯಾರೂ ಇಲ್ಲ.

ಫಿಲೋಮಿನಾ ಟೀಚರನ್ನು ಮಾರನೆಯ ದಿನ ಹೆಡ್ ಮಾಸ್ಟರು ಆಫೀಸಿಗೆ ಕರೆಸಿದರು. “ನಾನು ಸೀಟಿ ಹೊಡೀತೀನಂತಲ್ಲಮ್ಮ, ಎಲ್ಲಿ, ಒಂದ್ಸಲ ಮಾಡಿ ತೋರ್ಸಿ.” ಇನ್ನೊಂದು ವಾರ ಅಂಬುಜಾಕ್ಷಿ ಮೇಡಂ ಮಂಡಿನೋವೆಂದು ರಜೆ ಕೇಳಿದಾಗ, “ಮಂಡಿಗೆ ನಿಮ್ಮ ತಂಗಿ ಮನೆ ಸೀಮಂತದಲ್ಲಿ ಔಷಧಿ ಕೊಡ್ತಾರೇನ್ರಿ?” ಎಂದರಂತೆ. ಮೇಡಂ ಕೆಂಪಗಾಗಿ ಬಂದು ಕೂತರು. ಸೀಮಂತದ ಮಾತು ಆಡಿದ್ದು ಊಟದ ಕೋಣೆಯಲ್ಲಿ, ನಮ್ಮ ಮುಂದೆ ಮಾತ್ರ.

ನಮ್ಮಲ್ಲೇ ಯಾರೋ ಚಾಡಿ ಹೇಳುತ್ತಿದ್ದಾರೆ ಎಂಬುದು ಆಮೇಲೆ ಯಾರೂ ಬಾಯಿಬಿಟ್ಟು ಹೇಳದೆ ಎಲ್ಲರಿಗೂ ಗೊತ್ತಾದ ಸಂಗತಿಯಾಯಿತು. ಕುಮುದಿನಿಯ ಮೇಲೆ ಯಾರ ಅನುಮಾನವೂ ಹೋಗಲಿಲ್ಲ. ಕೋಣೆಯಲ್ಲೇ ಇಲ್ಲದವಳು ಏನನ್ನು ಒಯ್ದಾಳು?

ಆ ಚಳಿಗಾಲ ಅಣ್ಣನ ಮಗಳ ಮದುವೆಗೆಂದು ನಾನು ರಜೆ ಹಾಕಿ ಹೋದೆ. ಮದುವೆಯ ಮನೆಯ ಚಿರೋಟಿಯನ್ನು ಎಲ್ಲರಿಗೂ ಆಗುವಷ್ಟು ಕಟ್ಟಿಕೊಂಡು ಉತ್ಸಾಹದಿಂದ ಬಂದೆ. ನಾನು ಹೋದ ಬೆನ್ನಿಗೇ ಊಟದ ಕೋಣೆಯ ಪೆಟ್ಟಿಗೆಗೆ ಅಂಬುಜಾಕ್ಷಿ ಮೇಡಂ ತಮ್ಮ ಹಳೆಯ ಉಣ್ಣೆ ಶಾಲು ಸುತ್ತಿದ್ದರು. ಅದರ ಅಬ್ಬರಕ್ಕೆ ಕಿವಿ ಗುಂಯ್‌ಗುಡುತ್ತದಂತೆ. ನಾನು ಬಂದ ಬೆಳಿಗ್ಗೆಯೇ ಹೆಡ್ ಮಾಸ್ಟರು ಒಳಗೆ ಇಣುಕಿ, “ಇದೇನ್ರಿ, ಪೆಟ್ಟಿಗೆಗೂ ಚಳಿಯಾ?” ಎಂದು ಶಾಲನ್ನು ತಾವೇ ಬಿಚ್ಚಿ ಮೇಡಂ ಕೈಗೆ ಕೊಟ್ಟುಹೋದರು. ನಾನೂ ನಕ್ಕೆ.

ಎರಡು ದಿನದಲ್ಲಿ ಊಟದ ಕೋಣೆಯ ಇನ್ನೊಂದು ಮಾತು ಆಫೀಸಿನಿಂದ ತಿರುಗಿ ಬಂತು.

ಮಾರನೆಯ ಮಧ್ಯಾಹ್ನ ನಾನು ಮುಚ್ಚಳದಲ್ಲಿ ಪಲ್ಯ ಹಾಕಿ ಪಕ್ಕಕ್ಕೆ ತಳ್ಳಿದೆ. ಅದು ತಳ್ಳಿದ ಕಡೆಯೇ ನಿಂತಿತು. ಬೇರೆ ಮುಚ್ಚಳ ಯಾವುದೂ ನನ್ನ ಕಡೆ ಬರಲಿಲ್ಲ. ಅಂಬುಜಾಕ್ಷಿ ಮೇಡಂ ಡಬ್ಬಿಯನ್ನು ಸೆರಗಿನ ಮರೆಗೆ ಎಳೆದುಕೊಂಡು, “ಇವತ್ತು ನಮ್ಮನೇಲಿ ಏನೂ ಮಾಡಿಲ್ಲಮ್ಮ” ಎಂದರು. ಹುರುಳಿ ಸಾರಿನ ವಾಸನೆ ಮೂಗಿಗೆ ಬಡಿಯುತ್ತಿತ್ತು.

“ಏನಾಯ್ತು ಎಲ್ಲರಿಗೂ?” ಎಂದೆ.

ಫಿಲೋಮಿನಾ ಟೀಚರು ತಲೆ ಎತ್ತದೆ, “ಆಫೀಸಿಗೆ ತಗೊಂಡು ಹೋಗ್ತೀರಲ್ಲ ದಿನಾ, ಮುಚ್ಚಳದಲ್ಲಿ ಗೊಜ್ಜು ಮಾತ್ರ ಹೋಗುತ್ತೆ ಅಂತ ನಾವು ತಿಳ್ಕೊಂಡಿದ್ವಿ” ಎಂದರು.

“ನಾನಾ? ನಾನು ಹೇಳಿದೆನಾ?”

“ನೀವು ರಜ ಹಾಕಿದ ವಾರ ಒಂದು ಸೊಲ್ಲು ಆಚೆ ಹೋಗಲಿಲ್ಲ ಟೀಚರ್. ನೀವು ಬಂದ್ರಿ, ಶುರುವಾಯ್ತು. ನಾವೇನು ಕಣ್ಣಿಗೆ ಬಟ್ಟೆ ಕಟ್ಕೊಂಡಿದೀವಾ?”

ಅಷ್ಟರಲ್ಲಿ ‘ಟಕ್’ ಎಂದಿತು. ಅಂಬುಜಾಕ್ಷಿ ಮೇಡಂ ನನ್ನ ಮುಖವನ್ನೇ ನೋಡುತ್ತ ಬೆಂಚು ತಟ್ಟಿದರು. “ಸತ್ಯ” ಎಂದರು.

ನಾನು ಮಾತಿನ ಮಲ್ಲಿ ಎಂದು ಹೆಸರಾದವಳು. ಆ ಹೊತ್ತು ಯಾರೂ ಮುಟ್ಟದ ಮುಚ್ಚಳವನ್ನು ಎಳೆದು ಪಲ್ಯವನ್ನು ಡಬ್ಬಿಗೇ ಸುರಿದುಕೊಂಡೆ. ಡಬ್ಬಿ ಎತ್ತಿಕೊಂಡು ಹೊರಗೆ ಬಂದೆ. ಕುಮುದಿನಿಯ ಬಳಿ ಹೋಗಿ ಅತ್ತೆ. ಅವಳು ನನ್ನ ಬೆನ್ನು ಸವರಿದಳು. “ಬಿಡು, ತಾನಾಗೇ ಸರಿಹೋಗುತ್ತೆ” ಎಂದಳು. ಅವಳ ಕೈ ತಣ್ಣಗಿತ್ತು. ಚಳಿಗಾಲ ತಾನೇ ಎಂದುಕೊಂಡೆ. ಆಮೇಲೆ ನಾನೇ ಆಫೀಸಿನ ಕಡೆ ಹೋಗುವುದನ್ನು ಬಿಟ್ಟೆ. ಹೋದರೆ ಅವರ ಮಾತಿಗೆ ಇನ್ನೊಂದು ಸಾಕ್ಷಿಯಾದೀತು.

ಐದನೇ ‘ಬಿ’ ತರಗತಿ ನನ್ನ ಊಟದ ಕೋಣೆಯಾಯಿತು. ಮಕ್ಕಳು ಹೊರಗೆ ಮರದ ಕೆಳಗೆ ಉಣ್ಣುವರು. ಒಳಗೆ ನಾನು, ಖಾಲಿ ಬೆಂಚುಗಳು, ಕೊಂಡಿ ಸಡಿಲವಾಗಿ ಗಾಳಿಗೆ ಬಡಿದುಕೊಳ್ಳುವ ಒಂದು ಕಿಟಕಿ. ಊಟ ಎಂದರೆ ನನಗೆ ಮಾತು. ಮಾತಿಲ್ಲದ ಡಬ್ಬಿಯನ್ನು ಅರ್ಧಕ್ಕೇ ಮುಚ್ಚಿಬಿಡುತ್ತಿದ್ದೆ. ಒಂದು ದಿನ ತಲೆ ಎತ್ತಿ ಪೆಟ್ಟಿಗೆಯನ್ನೇ ಕೇಳಿದೆ, “ಏನಮ್ಮ, ನಿಂದು ಊಟ ಆಯ್ತಾ?”

ಶುರುವಾದದ್ದು ಹಾಗೆ. ಇವತ್ತು ಸಾರಿಗೆ ಉಪ್ಪು ಮುಂದಾಯಿತು ಎಂದು ಹೇಳಿದೆ. ಅಂಬುಜಾಕ್ಷಿ ಮೇಡಂ ವರಾಂಡದಲ್ಲಿ ಎದುರು ಬಂದು ಗೋಡೆ ನೋಡಿಕೊಂಡು ಹೋದದ್ದನ್ನು ಹೇಳಿದೆ. ರಾತ್ರಿ ನಿದ್ದೆ ಬರದಿರುವುದನ್ನೂ ಹೇಳಿದೆ. ಹಲ್ಲಿ ನುಡಿದರೆ ಇಲ್ಲೂ ಒಬ್ಬರು ಕೇಳುವವರಿದ್ದಾರೆ ಎಂದು ಸಮಾಧಾನವಾಗುತ್ತಿತ್ತು. ಕೊನೆಗೊಂದು ದಿನ, ಯಾರಿಗೂ ಹೇಳದ ಮಾತನ್ನು ಹೇಳಿದೆ. “ಹೊಳೆಯಾಚೆ ಹೆಣ್ಣುಮಕ್ಕಳ ಸ್ಕೂಲಿಗೆ ವರ್ಗ ಕೇಳ್ಕೊಂಡು ಹೊರಟುಹೋಗ್ತೀನಿ ಕಣಮ್ಮ. ಇಲ್ಲಿ ನನ್ನ ಮುಚ್ಚಳ ಮುಟ್ಟೋರಿಲ್ಲ.”

ಮಾರನೆಯ ಬೆಳಿಗ್ಗೆ ಪ್ರಾರ್ಥನೆ ಮುಗಿಯುತ್ತಲೇ ಪುಟ್ಟರಾಜಯ್ಯನವರು ನನ್ನನ್ನು ತಡೆದರು. “ಹೊಳೆ ದಾಟೋ ಯೋಚನೆ ಇದೆಯಂತೆ? ಅರ್ಜಿ ಗಿರ್ಜಿ ಅಂತ ಬರಬೇಡಿ. ನಾನು ಬಿಡೋದಿಲ್ಲ.”

ಮನೆಯಲ್ಲೂ ಹೇಳದ ಮಾತು. ನನ್ನ ಬಾಯಿಂದ ಅದು ಹೋದದ್ದು ಒಂದೇ ಕಡೆಗೆ. ಶಾಲು ಸುತ್ತಿದ ಪೆಟ್ಟಿಗೆ, ಒಂದು ಸೊಲ್ಲೂ ಆಚೆ ಹೋಗದ ಆ ವಾರ, ಯಾರೂ ಕಾಣದ ಹಲ್ಲಿ, ಎಲ್ಲ ಒಟ್ಟಿಗೆ ನೆನಪಿಗೆ ಬಂದವು. ಮಾತಾಡುವ ಪೆಟ್ಟಿಗೆ ಕೇಳುವುದೂ ಉಂಟು. ಆದರೆ ಮಧ್ಯಾಹ್ನ ಹೆಡ್ ಮಾಸ್ಟರು ಮನೆಯಲ್ಲಿ ನಿದ್ದೆ ಮಾಡುತ್ತಿರುತ್ತಾರಲ್ಲ? ಆ ಪ್ರಶ್ನೆಗೆ ಉತ್ತರ ಗೊತ್ತಿದ್ದೂ, ಊಟದ ಗಂಟೆಯಾಗುವ ತನಕ ಅದನ್ನು ನನ್ನ ಹತ್ತಿರ ಬರಗೊಡಲಿಲ್ಲ.

ಗಂಟೆಯಾದ ಮೇಲೆ ಐದನೇ ‘ಬಿ’ಗೆ ಹೋಗದೆ ಆಫೀಸಿಗೆ ಹೋದೆ. ಬಾಗಿಲು ಓರೆಯಾಗಿತ್ತು. ಕುಮುದಿನಿ ಬಿಚ್ಚಿದ ಡಬ್ಬಿಯನ್ನು ಮುಂದಿಟ್ಟುಕೊಂಡು, ಗಲ್ಲಕ್ಕೆ ಕೈ ಕೊಟ್ಟು ಮಿಷನ್ನಿಗೆ ಒರಗಿ ಕೂತಿದ್ದಳು. ಅದರೊಳಗಿಂದ ಸಣ್ಣಗೆ ಬರುತ್ತಿದ್ದುದು ಒಂದು ಕಿಟಕಿ ಗಾಳಿಗೆ ಬಡಿದುಕೊಳ್ಳುವ ಸದ್ದು. ನನ್ನ ಕಿಟಕಿ.

“ಇನ್ನೂ ಬರಲಿಲ್ಲವಲ್ಲ ಅಂತ ಕಾಯ್ತಾ ಇದ್ದೀಯೇನೇ?” ಎಂದೆ.

ಬೆಚ್ಚಿದವಳ ಕೈ ಸ್ವಿಚ್ಚಿಗೆ ಹೋಯಿತು. ‘ಟಕ್’ ಎಂದಿತು. ಕಿಟಕಿ ಸುಮ್ಮನಾಯಿತು.

“ಯಾವತ್ತಿಂದ, ಕುಮುದಿ?”

“ಮೊದಲಿಂದ್ಲೂ.” ಮೈಕಿನ ದನಿಯಲ್ಲ ಅದು, ಒಡೆದ ಮಡಕೆಯ ದನಿ. “ಮಧ್ಯಾಹ್ನ ಒಂದೊಂದೇ ರೂಮಿನ ಸ್ವಿಚ್ಚು ಒತ್ತಿ ಕೇಳ್ತಾ ಇರಮ್ಮ, ಸಂಜೆ ನನಗೆ ಹೇಳು, ಕಾಯಂ ವಿಷಯ ನಾನು ನೋಡ್ಕೋತೀನಿ ಅಂದ್ರು. ನಾನೇನು ಮಾಡ್ಲೇ?”

“ನಾನು ತಂದ ಮುಚ್ಚಳದಲ್ಲೇ ತಿಂದೆ.”

“ತಿಂದೆ.”

“ಅವರು ನನ್ನ ಮೇಲೆ ಹೊರಿಸಿದ್ದನ್ನೂ ಇಲ್ಲೇ ಕೂತು ಕೇಳಿದೆ.”

“ಕೇಳಿದೆ.”

“ಹೋಗ್ಲಿ, ವರ್ಗದ ಮಾತು? ಅದರಿಂದ ನಿನಗೇನು ಸಿಗ್ತಿತ್ತು?”

ಅವಳು ಮುಂದಿದ್ದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ, “ನೀನು ಹೊರಟುಹೋಗ್ತಿದ್ದೆಯಲ್ಲೇ” ಎಂದಳು. “ಅವರಿಗೆ ಹೇಳಿದ್ರೆ ತಡೀತಾರೆ ಅಂತ ಹೇಳ್ದೆ. ಮಧ್ಯಾಹ್ನ ನಿನ್ನ ಮಾತು ಕೇಳದೆ ನನಗೆ ಅನ್ನ ಇಳಿಯಲ್ಲ ಕಣೇ. ನೀನು ಅಲ್ಲಿ ಮಾತಾಡೋಳು, ನಾನು ಇಲ್ಲಿ ಕೂತು ‘ಹೂಂ’ ಅನ್ನೋಳು. ದಿನಾ.”

“ನೀನು ‘ಹೂಂ’ ಅಂದದ್ದು ನನಗೆ ಕೇಳಿಸಲಿಲ್ಲ” ಎಂದೆ. “ಕೇಳಿಸೋ ಸ್ವಿಚ್ಚೂ ನಿನ್ನ ಕೈಯಲ್ಲೇ ಇತ್ತಲ್ಲ, ಕುಮುದಿನಿ.”

ಆ ಸಂಜೆ ಅಂಬುಜಾಕ್ಷಿ ಮೇಡಂ ಮತ್ತು ಫಿಲೋಮಿನಾ ಟೀಚರನ್ನು ಬಾವಿಕಟ್ಟೆಯ ಬಳಿ, ಯಾವ ಪೆಟ್ಟಿಗೆಯೂ ಇಲ್ಲದ ಕಡೆ, ನಿಲ್ಲಿಸಿಕೊಂಡು ಎಲ್ಲ ಹೇಳಿದೆ. ನನ್ನ ಹೆಸರಿಗೆ ಹತ್ತಿದ ಮಸಿ ಹೋಗಬೇಕಿತ್ತು, ಅಷ್ಟೇ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೇಡಂ ಎಂದದ್ದು ಇಷ್ಟು: “ಪಾಪ, ಅವಳಿಗೂ ಕಾಯಂ ಆಗಬೇಕಲ್ಲಮ್ಮ.”

ನನಗೆ ಪಾಪ ಎಂದವರಿಲ್ಲ.

ಮಾರನೆಯ ದಿನದಿಂದ ಊಟದ ಕೋಣೆಯ ಭಾಷೆಯೇ ಬದಲಾಯಿತು. ವರಾಂಡದಲ್ಲಿ ಹಾದು ಹೋಗುವಾಗ ಕೇಳಿಸುತ್ತಿತ್ತು. “ಎಂಥ ದೇವರಂಥ ಹೆಡ್ ಮಾಸ್ಟರು ಅಂತೀನಿ!” ಎಂದು ಅಂಬುಜಾಕ್ಷಿ ಮೇಡಂ ಪೆಟ್ಟಿಗೆಯ ಕಡೆ ಮುಖ ಎತ್ತಿ ಕೂಗಿ ಹೇಳುವರು. “ಏನು ಗಂಭೀರ ದನಿ ಅವರದು!” ಎಂದು ಫಿಲೋಮಿನಾ ಟೀಚರು. ‘ಟಕ್’ ಎಂದರೆ ಇಬ್ಬರೂ ಒಟ್ಟಿಗೆ ಬೆಂಚು ತಟ್ಟುವರು. ಮೇಡಂಗೆ ಕೇಳಿದಾಗಲೆಲ್ಲ ರಜೆ ಸಿಗತೊಡಗಿತು. ಹೊಗಳಿಕೆ ತಪ್ಪದೆ ಮೇಲಕ್ಕೆ ಮುಟ್ಟಲಿ ಎಂದೋ ಏನೋ, ಎರಡೆರಡು ಮುಚ್ಚಳ ತುಂಬಿ ಕುಮುದಿನಿಗೆ ಕಳಿಸುತ್ತಿದ್ದರು. ನನಗೂ ಒಂದು ದಿನ ಮೇಡಂ ವರಾಂಡದಲ್ಲೇ ಗೊಜ್ಜು ಚಾಚಿ, “ತಗೊಳಮ್ಮ, ಹಳೇದೆಲ್ಲ ಯಾಕೆ” ಎಂದರು. ಹಿರಿಯರು ಕೊಟ್ಟದ್ದು ಎಂದು ತೆಗೆದುಕೊಂಡೆ. ನನಗೆ ಪ್ರಾಣವಾಗಿದ್ದ ಗೊಜ್ಜು. ಹುಳಿ ಬಿಟ್ಟು ಬೇರೇನೂ ತಿಳಿಯಲಿಲ್ಲ.

ಕುಮುದಿನಿಗೆ ಆ ವರ್ಷವೇ ಕಾಯಂ ಆಯಿತು. ಸುದ್ದಿಯನ್ನು ಅವಳೇ ಮೈಕಿನಲ್ಲಿ ಓದಿದಳು, ಅದೇ ತುಪ್ಪದ ದನಿಯಲ್ಲಿ. ಮಕ್ಕಳು ಚಪ್ಪಾಳೆ ತಟ್ಟಿದರು. ನನ್ನ ತರಗತಿಯ ಮಕ್ಕಳಿಗೆ ನಾನೇ ತಟ್ಟಲು ಹೇಳಿದೆ.

ಪುಟ್ಟರಾಜಯ್ಯನವರು ಅಡ್ಡಗಾಲು ಹಾಕಿದ್ದರಿಂದ ನನ್ನ ವರ್ಗಕ್ಕೆ ಮುಂದಿನ ಬೇಸಿಗೆಯ ತನಕ ಕಾಯಬೇಕಾಯಿತು. ಅಲ್ಲಿಯ ತನಕ ನಾನು ಐದನೇ ‘ಬಿ’ ಬಿಡಲಿಲ್ಲ. ಆಯುಧಪೂಜೆಯ ಕುಂಕುಮ ಆ ವೇಳೆಗೆ ಮಾಸಿ, ಬಟ್ಟೆಯ ನೂಲಿಗಿಳಿದು, ಒಣಗಿದ ಗಾಯದ ಬಣ್ಣಕ್ಕೆ ಬಂದಿತ್ತು. ದಿನವೂ ನಾನು ಅದರ ಎದುರಿಗೇ ಕೂತು ಡಬ್ಬಿ ಬಿಚ್ಚುತ್ತಿದ್ದೆ. ಸ್ವಲ್ಪ ಹೊತ್ತಿಗೆ ‘ಟಕ್’ ಎನ್ನುತ್ತಿತ್ತು. ನಾನು ಬೆಂಚು ತಟ್ಟುತ್ತಿರಲಿಲ್ಲ, ಬಾಯಿ ತೆರೆಯುತ್ತಿರಲಿಲ್ಲ. ಚಮಚ ಡಬ್ಬಿಗೆ ತಾಗದ ಹಾಗೆ ನಿಧಾನವಾಗಿ ಉಣ್ಣುತ್ತಿದ್ದೆ. ಗಾಳಿಗೆ ಕಿಟಕಿ ಒಮ್ಮೆ ಬಡಿಯುವುದು, ಸುಮ್ಮನಾಗುವುದು. ತಲೆ ಚಾಚಿದ ಆ ಪೆಟ್ಟಿಗೆ ಕಾಯುವುದು. ನಾನು ಕೊನೆಯ ತುತ್ತು ನುಂಗಿ, ಮುಚ್ಚಳವನ್ನು ಸದ್ದಾಗದಂತೆ ಒತ್ತಿ ಮುಚ್ಚಿದ ಎಷ್ಟೋ ಹೊತ್ತಿನ ಮೇಲೆ, ಅತ್ತ ಕಡೆಯಿಂದ ಮತ್ತೆ ‘ಟಕ್’ ಎನ್ನುವುದು.