ಕೊನೆಯ ಸೈಕಲ್ಲು

ಶ್ರೀಪಾಲ ಚಟ್ಟದ ಹಗ್ಗವನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದ.

"ಎಷ್ಟ ಸಲ ಕಟ್ಟತೀಯೋ?" ಸತ್ತ ಆಬಾಸಾಹೇಬನ ಅಣ್ಣ ಬಾಪುಸಾಹೇಬ ರೇಗಿದ. "ಹೊತ್ತ ಮುಳುಗೂದರಾಗ ಒಯ್ಯಬೇಕ."

"ಸಡ್ಲ ಆಗೇತ್ರಿ, ಅಣ್ಣಾ."

ಗಂಟು ಸಡಿಲಾಗಿರಲಿಲ್ಲ. ಕೈ ಸುಮ್ಮನಿರಲು ಒಪ್ಪುತ್ತಿರಲಿಲ್ಲ, ಅಷ್ಟೇ. ಬೋರಗಾಂವದ ಆ ಓಣಿಯ ಪವರ್‌ಲೂಮುಗಳನ್ನೆಲ್ಲ ಆಬಾಸಾಹೇಬನೇ ರಿಪೇರಿ ಮಾಡುತ್ತಿದ್ದ. ಇಂದು ಅವೆಲ್ಲ ಬಂದಾಗಿದ್ದರಿಂದ ಪಿಸುಮಾತೂ ಅಂಗಳದ ತುದಿಗೆ ಕೇಳುತ್ತಿತ್ತು.

ಆಬಾಸಾಹೇಬನ ಹೆಂಡತಿ ತಾರಾಬಾಯಿ ಬಾಗಿಲಿಗೆ ಬಂದು ಗಂಡನ ಮೂವರು ಗೆಳೆಯರನ್ನು ನೋಡಿದಳು. "ನಿಮ್ಮ ಜೋಡಿನ ಇದ್ರಲ್ಲ. ಕಡೀಕ ಏನಂದ್ರು?"

ಮುರಗೆಪ್ಪ ನೆಲ ನೋಡಿದ. ಮಲಕಾರಿ ಗಡಿಬಿಡಿಯಲ್ಲಿ, "ನೀರ ಕುಡಿಸಿದ್ವಿ, ವೈನಿ. 'ತಾರಾ, ತಾರಾ' ಅಂತ ನಿಮ್ಮ ಹೆಸರ ತಗೊಂಡ್ರು" ಎಂದ.

"ನನ್ನ ಹೆಸರ?" ಅವಳ ದನಿ ಏರಲಿಲ್ಲ. "ಲಗ್ನಾದಾಗಿಂದ ಅವರ ಬಾಯಾಗ ನನ್ನ ಹೆಸರ ಬಂದಿಲ್ಲ. 'ಏ, ಇಲ್ಲೆ ಕೇಳ' ಅಂತಿದ್ರು."

* * *

ದಸರಾ ಮುಗಿದೊಡನೆ ಸೈಕಲ್ ಹತ್ತಿ ಚಿಕ್ಕೋಡಿ, ರಾಯಬಾಗ, ಅಥಣಿ ದಾಟಿ ಕಾಗವಾಡದವರೆಗೆ ಹೋಗಿಬರುವುದು ಎಂಬತ್ತೆರಡನೇ ಇಸವಿಯಿಂದ ನಾಲ್ವರ ರೂಢಿ. ಮುಂದೆ ಶ್ರೀಪಾಲ, ಎಲ್ಲರಿಗಿಂತ ಹಿಂದೆ ಆಬಾಸಾಹೇಬ. ನಟ್ಟು ಬಿಚ್ಚುವ ಪಾನ, ಗಾಳಿ ಹೊಡೆಯುವ ಪಂಪು ಎಲ್ಲ ಅವನ ಚೀಲದಲ್ಲೇ. "ನೀವ ಹೋಗ್ರಲೇ, ಪಂಕ್ಚರ್ ಆದವ ನನಗ ಸಿಗತಾನ" ಎನ್ನುತ್ತಿದ್ದ. ಹಾಗಾಗಿ ಹತ್ತು ವರ್ಷದಲ್ಲಿ ಯಾರೂ ಹಿಂದೆ ನೋಡುವ ಅಭ್ಯಾಸ ಮಾಡಿಕೊಳ್ಳಲಿಲ್ಲ.

ನಿನ್ನೆ ಅಲಖನೂರದ ಹತ್ತಿರ ಹೊಸ ಡಾಂಬರು. ಎರಡೂ ಕಡೆ ಆಳೆತ್ತರದ ಕಬ್ಬು. ಮೂವರೂ ಪೈಪೋಟಿಗೆ ಬಿದ್ದು ತುಳಿದರು. ಮುಂದಿನ ಊರಿನಲ್ಲಿ ಚಹಾ ಕುಡಿದು, ಮತ್ತೆ ಚಹಾ ಹೇಳಿದರು.

"ಬರ್ತಾನ ತಗೋ. ಯಾವನರ ಚೈನ್ ಹಾಕ್ಕೋತ ಕುಂತಿರಬೇಕ" ಎಂದು ಮಲಕಾರಿ ನಕ್ಕಿದ್ದ.

ಹಿಂದಿರುಗಿ ಹೋದಾಗ ಆಬಾಸಾಹೇಬನ ಸೈಕಲ್ಲು ಸ್ಟ್ಯಾಂಡಿನ ಮೇಲೆ ನೆಟ್ಟಗೆ ನಿಂತಿತ್ತು. ಅವನು ಬೇವಿನ ಬುಡಕ್ಕೆ ಒರಗಿದ್ದ. ಮೈ ತಣ್ಣಗಾಗತೊಡಗಿತ್ತು.

* * *

"ಖರೇ ಹೇಳ್ರಿ, ಶ್ರೀಪಾಲಣ್ಣಾ."

ಶ್ರೀಪಾಲ ಹಗ್ಗ ಬಿಟ್ಟ. "ನಾವ ಮುಂದ ಹೋಗಿದ್ವಿ, ವೈನಿ. ತಿರುಗಿ ನೋಡ್ಲಿಲ್ಲ."

"ಜೋಡಿ ಯಾರೂ ಇರಲಿಲ್ಲ?"

"ಇರಲಿಲ್ರಿ."

ಅವಳು ಹೆಣದ ಬಳಿ ಕುಳಿತು, ಸರಿಯಾಗಿಯೇ ಇದ್ದ ಹೊದಿಕೆಯ ಅಂಚನ್ನು ಇನ್ನಷ್ಟು ಸರಿಪಡಿಸಿದಳು.

ಚಟ್ಟ ಎತ್ತುವಾಗ ಶ್ರೀಪಾಲ ಹೆಗಲು ಕೊಡಲು ಬಂದ. ಬಾಪುಸಾಹೇಬ ಅಡ್ಡ ಕೈ ಹಿಡಿದ. "ನಮ್ಮ ಮಂದಿ ಐತಿ. ನೀವ ಹಿಂದ ಬರ್ರಿ."

ಸ್ಮಶಾನದ ಗಾಡಿದಾರಿಯಲ್ಲಿ ಗೆಳೆಯರು ಜನರ ಹಿಂದೆ ನಡೆದರು. ಸ್ವಲ್ಪ ದೂರ ಹೋದ ಮೇಲೆ ಶ್ರೀಪಾಲ ಚಪ್ಪಲಿ ಸರಿಪಡಿಸುವ ನೆಪದಲ್ಲಿ ಬಾಗಿದ, ಉಳಿದಿಬ್ಬರು ಮುಂದಾಗಲಿ ಎಂದು. ಮುರಗೆಪ್ಪನೂ ನಿಂತ.

"ನಡೀಯೋ."

"ನೀ ನಡಿ ಮೊದಲ."

ಮಲಕಾರಿ ಎರಡು ಹೆಜ್ಜೆ ಹೋಗಿ, ತಿರುಗಿ ನೋಡಿ, ಅಷ್ಟೇ ಹೆಜ್ಜೆ ಹಿಂದಕ್ಕೆ ಬಂದ.

ಚಟ್ಟ ಕಬ್ಬಿನ ತಿರುವಿನಲ್ಲಿ ಮರೆಯಾಯಿತು. ಮೂವರೂ ದಾರಿಯ ನಡುವೆ ಒಬ್ಬರನ್ನೊಬ್ಬರು ನೋಡುತ್ತ ನಿಂತೇ ಇದ್ದರು.