ಅಮ್ಮಣ್ಣಿಯ ಬಾವಿ ತುಂಬಿದೆ

ಮೀನು ಮಾರುವ ಅಮ್ಮಣ್ಣಿ ಕಾಪು ಪೇಟೆಯ ದಿನಸಿ ವ್ಯಾಪಾರಿ ರೊಸಾರಿಯೊ ಪೊರ್ಬುಗಳ ಅಂಗಡಿಗೆ ಕಾಲಿಟ್ಟ ಕೂಡಲೇ ಪೊರ್ಬುಗಳು ಕೇಳುವುದು ಒಂದೇ ಪ್ರಶ್ನೆ.

"ಎಂತ ಅಮ್ಮಣ್ಣಕ್ಕ, ಇವತ್ತು ಮನೆಯಲ್ಲಿ ಎಂತೆಂತ ತುಂಬಿದೆ?"

"ಅಕ್ಕಿ ತುಂಬಿದೆ. ತೆಂಗಿನೆಣ್ಣೆ ತುಂಬಿದೆ. ಬೆಲ್ಲವಂತೂ ಪೂರ್ತಿ ತುಂಬಿದೆ."

ಪೊರ್ಬುಗಳು ಮರುಮಾತಾಡದೆ ಐದು ಕಿಲೋ ಕುಚ್ಚಲಕ್ಕಿ, ಅರ್ಧ ಲೀಟರ್ ಎಣ್ಣೆ, ಒಂದು ಅಚ್ಚು ಬೆಲ್ಲ ಕಟ್ಟಿಕೊಡುತ್ತಾರೆ. ಪಕ್ಕದಲ್ಲಿ ಯಾರಾದರೂ ಹೊಸಬರು ನಿಂತಿದ್ದರೆ ಕಥೆ ಮುಗಿಯಿತು. ಈ ಹೆಂಗಸಿನ ಮನೆ ಗೋದಾಮು ಇರಬೇಕು, ಆದರೂ ಆಸೆ ತೀರಿಲ್ಲ ನೋಡಿ ಎಂದುಕೊಂಡು ಹೋಗುತ್ತಾರೆ.

ಮನೆಯಲ್ಲಿ ಒಂದು ವಸ್ತು ಮುಗಿದರೆ "ಇಲ್ಲ" ಎನ್ನಬಾರದು, "ತುಂಬಿದೆ" ಎನ್ನಬೇಕು. ಇಲ್ಲ ಎಂದರೆ ಆ ಮಾತು ಮನೆಯೊಳಗೇ ಚಾಪೆ ಹಾಸಿ ಕೂತುಬಿಡುತ್ತದೆ. ಹಳೆಯ ಮನೆಗಳಲ್ಲಿ ಈ ಕ್ರಮ ಉಂಟು. ಬೇರೆಯವರು ಅದನ್ನು ಅಕ್ಕಿ, ಎಣ್ಣೆ, ಕುಂಕುಮಕ್ಕೆ ಇಟ್ಟುಕೊಂಡರೆ ಅಮ್ಮಣ್ಣಿ ಮೊಬೈಲಿನ ಚಾರ್ಜಿಗೂ ಅದನ್ನೇ ಹೇಳುತ್ತಿದ್ದಳು.

ಅದಕ್ಕೆ ಕಾರಣ ಇತ್ತು. ಹದಿನಾರು ವರ್ಷದ ಹಿಂದೆ ಅವಳ ಗಂಡ ವಾಸು ಮಲ್ಪೆಯ ಬೋಟಿಗೆ ಹೊರಟು ಮೆಟ್ಟಿಲು ಇಳಿಯುತ್ತಿದ್ದಾಗ, ಒಲೆಯ ಮುಂದೆ ಕೂತಿದ್ದ ಅವಳ ಬಾಯಿ ತಪ್ಪಿತು. "ಉಪ್ಪು ಇಜ್ಜಿ" ಎಂದುಬಿಟ್ಟಳು. ತುಳುವಿನಲ್ಲಿ ಇಜ್ಜಿ ಎಂದರೆ ಇಲ್ಲ. ಅದೇ ಸಂಜೆ ಬೋಟು ಮಗುಚಿತು. ವಾಸು ದಡ ಸೇರಿದ್ದು ಮೂರನೆಯ ದಿನ. ಆಮೆಯ ಬೆನ್ನ ಮೇಲೆ ಕೂತು ಬಂದೆ ಎಂದು ಅವನು ಊರಿಡೀ ಹೇಳಿಕೊಂಡು ತಿರುಗಿದ. ಮೊದಲ ವರ್ಷ ಆ ಆಮೆ ಮಂಚದಷ್ಟು ಇತ್ತು. ಈಗ ಬೆಳೆದು ಬೆಳೆದು ಮೀನಿನ ಟೆಂಪೊದಷ್ಟಾಗಿದೆ, ದಾರಿಯಲ್ಲಿ ಎರಡು ಕಡೆ ನಿಲ್ಲಿಸಿ ಅವನಿಗೆ ಊಟವನ್ನೂ ಹಾಕಿಸಿದೆ. ಜನ ಹೊಟ್ಟೆ ಹಿಡಿದು ನಗುತ್ತಾರೆ. ಅಮ್ಮಣ್ಣಿ ಮಾತ್ರ ನಗುವುದಿಲ್ಲ. ಆಮೆ ಎಷ್ಟೇ ದೊಡ್ಡದಾಗಲಿ, ಅದರ ಹಿಂದೆ ಅವಳಿಗೆ ಕಾಣುವುದು ತನ್ನ ಬಾಯಿಂದ ಬಿದ್ದ ಆ ಒಂದು ಸಣ್ಣ ಮಾತು.

ಇನ್ನು ಅವಳ ಅಂಗಳದ ಬಾವಿ. ಸಮುದ್ರ ಇನ್ನೂರು ಹೆಜ್ಜೆಯಲ್ಲೇ ಇದ್ದರೂ ನೀರು ಎಳನೀರಿನ ಹಾಗೆ. ಆ ನೀರಿನ ಚಹಾಕ್ಕೆ ಮೇಲಿಂದ ಸಕ್ಕರೆ ಹಾಕಿ ಕುಡಿದವರಿಗೆ ಸಕ್ಕರೆ ಕಾಯಿಲೆ ಬಂದದ್ದುಂಟು. ಹತ್ತೊಂಬತ್ತು ಮನೆಯವರು ಅಲ್ಲಿಂದಲೇ ಸೇದುತ್ತಿದ್ದರು. ಬಾವಿಕಟ್ಟೆಯ ಮೇಲೆ ಹಳದಿ ಬಣ್ಣದಲ್ಲಿ ಸರಕಾರದ ನಂಬರು ಬರೆದಿತ್ತು. ಮಣಿಪಾಲದ ಒಂದು ಕಚೇರಿಯಿಂದ ಮಾನಸ ಎಂಬ ಹುಡುಗಿ ತಿಂಗಳಿಗೊಮ್ಮೆ ಬಂದು, ಟೇಪು ಇಳಿಬಿಟ್ಟು, ನೀರು ಎಷ್ಟು ಆಳದಲ್ಲಿ ಉಂಟು ಎಂದು ಅಳೆದುಕೊಂಡು ಹೋಗುತ್ತಿದ್ದಳು.

"ಕಾರ್ಕಳದಲ್ಲಿ ಮಳೆ ಅಳೆಯುವ ಡಬ್ಬಿ, ಬಜಗೋಳಿಯ ಹೊಳೆಯಲ್ಲಿ ನೀರಳೆಯುವ ಕೋಲು, ಇಲ್ಲಿ ನಿಮ್ಮ ಬಾವಿ," ಎಂದು ಅವಳೇ ಒಮ್ಮೆ ಬಿಡಿಸಿ ಹೇಳಿದ್ದಳು. "ಈ ಮೂರನ್ನೂ ನೋಡಿ ನಾವು ಒಂದೊಂದು ಊರಿಗೆ ಒಂದೊಂದು ಬಣ್ಣ ಹಾಕುತ್ತೇವೆ ಅಮ್ಮಣ್ಣಕ್ಕ. ಕೆಂಪು ಬಿದ್ದ ಕಡೆಗೆ ನೀರಿನ ಟ್ಯಾಂಕರ್ ಹೋಗುತ್ತದೆ."

ಟೇಪಿಗೆ ಬಾಯಿಲ್ಲ. ಹಾಗಾಗಿ ಇಷ್ಟು ವರ್ಷ ಎಂತದೂ ತೊಂದರೆ ಆಗಲಿಲ್ಲ.

ಈ ವರ್ಷ ಅಕ್ಟೋಬರಿನ ನಂತರ ಒಂದು ಹನಿ ಬೀಳಲಿಲ್ಲ. ಏಪ್ರಿಲಿನ ಬಿಸಿಲು ಹೇಗಿತ್ತೆಂದರೆ ಬುಟ್ಟಿಯಲ್ಲಿದ್ದ ಬಂಗುಡೆ ಮನೆಮನೆ ಸುತ್ತುವಷ್ಟರಲ್ಲಿ ಅರ್ಧ ಹುರಿದಿರುತ್ತಿತ್ತು, ಗಿರಾಕಿಗಳು ಮಸಾಲೆ ಹಚ್ಚಿಯೇ ತಾ ಎನ್ನುತ್ತಿದ್ದರು. ನಳ್ಳಿಯಲ್ಲಿ ನೀರಿನ ಬದಲು ಗಾಳಿ ಬರತೊಡಗಿ, ವಾರಕ್ಕೆ ಮೂರು ದಿನ ಟ್ಯಾಂಕರ್ ಬರತೊಡಗಿತು. ಒಂದು ಸೋಮವಾರ, ವಾಸು ಬೋಟಿಗೆ ಹೋದ ದಿನವೇ, ಅಮ್ಮಣ್ಣಿ ಬಾವಿಗೆ ಕೊಡಪಾನ ಇಳಿಸಿದಳು. ಮೇಲೆ ಬಂದದ್ದು ಕಾಲು ಕೊಡ ಕೆಸರು ನೀರು. ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿದಳು.

ಉಪ್ಪು.

ಸಿಹಿನೀರು ಇಳಿದ ಬಾವಿಗೆ ಸಮುದ್ರ ಅಡಿಯಿಂದ ನುಸುಳುತ್ತದೆ ಎಂದು ಅವಳಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಬಗ್ಗಿ ನೋಡಿದಳು. ಕೆಳಗೆ ಕತ್ತಲೆಯಲ್ಲಿ ಒಂದು ಬೊಗಸೆಯಷ್ಟು ಬೆಳಕು ಅಲುಗುತ್ತಿತ್ತು. ಯಾರೋ ಕೆಳಗಿನಿಂದ ಒಂದೇ ಕಣ್ಣಿನಲ್ಲಿ ತನ್ನನ್ನು ನೋಡುತ್ತಿದ್ದಾರೆ ಎನಿಸಿತು.

ಅಷ್ಟರಲ್ಲಿ ಮೊಬೈಲು ಕೂಗಿತು.

"ನಮಸ್ಕಾರ, ಮಣಿಪಾಲದಿಂದ ರೂಪೇಶ್ ಮಾತಾಡುವುದು. ಮಾನಸ ಮೇಡಂ ಮದುವೆಯ ರಜೆಯಲ್ಲಿ ಇದ್ದಾರೆ. ನಮ್ಮ ಜೀಪು ರಿಪೇರಿಗೆ ಹೋಗಿದೆ. ನಿಮ್ಮ ಬಾವಿಯಲ್ಲಿ ನೀರು ಹೇಗೆ ಉಂಟು, ಸ್ವಲ್ಪ ನೋಡಿ ಹೇಳ್ತೀರಾ?"

ಬಾವಿಯ ಬಾಯಿಯ ಮೇಲೆಯೇ ನಿಂತು, ಗಂಡ ಕಡಲಿನಲ್ಲಿರುವಾಗ, ಅವಳು ಬೇರೆ ಎಂತ ಹೇಳಿಯಾಳು?

"ತುಂಬಿದೆ," ಎಂದಳು.

"ತುಂಬಿದೆಯಾ? ಈ ಬಿಸಿಲಿಗೆ?"

"ಪೂರ್ತಿ ತುಂಬಿದೆ ಮಾರಾಯ್ರೇ! ಇಷ್ಟು ತುಂಬಿದ್ದು ನನ್ನ ಜನ್ಮದಲ್ಲೇ ಮೊದಲು!" ಎಂದು ಅವಳು ಅಳುವ ದನಿಯಲ್ಲಿ ಹೇಳಿದಳು.

"ತುಂಬಾ ಸಂತೋಷ," ಎಂದು ರೂಪೇಶ್ ಫೋನ್ ಇಟ್ಟ.

ಬುಧವಾರ ಟ್ಯಾಂಕರ್ ಬರಲಿಲ್ಲ. ಮನೆಗಳ ಮುಂದೆ ಸಾಲಾಗಿ ಇಟ್ಟ ಕೊಡಪಾನಗಳು ಬಿಸಿಲಿಗೆ ಕಾದು, ಮುಟ್ಟಿದವರ ಕೈ ಸುಟ್ಟವು. ಪಕ್ಕದ ಮನೆಯ ಹರ್ಷಿಣಿ ಹೆತ್ತು ಹನ್ನೆರಡು ದಿನವಾಗಿತ್ತು. ಅವಳು ಬಾಗಿಲಲ್ಲೇ ನಿಂತು ಕೇಳಿದಳು: "ಅಮ್ಮಣ್ಣಕ್ಕ, ಟ್ಯಾಂಕರಿನವರಿಗೆ ಎಂತ ಆಯ್ತು? ಬಾವಿ ನೀರಿನಲ್ಲಿ ಮಗುವಿಗೆ ಮೀಯಿಸಿದರೆ ಮೈಯೆಲ್ಲ ಕೆಂಪಾಗ್ತದೆ. ಗಂಜಿ ಬಾಯಿಗೆ ಇಡ್ಲಿಕ್ಕೆ ಆಗುದಿಲ್ಲ."

"ಬರ್ತದೆ ಮಗಾ, ಬರ್ತದೆ," ಎಂದಳು ಅಮ್ಮಣ್ಣಿ.

ಗುರುವಾರ ಬೆಳಿಗ್ಗೆ ಪೊರ್ಬುಗಳ ಅಂಗಡಿಯ ಮುಂದೆ ಟ್ಯಾಂಕರ್ ನಿಂತಿತ್ತು. ಡ್ರೈವರ್ ಬ್ರಯಾನ್ ಸೋಡಾ ಕುಡಿಯುತ್ತಿದ್ದ. ಅಮ್ಮಣ್ಣಿ ಬುಟ್ಟಿ ಇಳಿಸಿ ಓಡಿದಳು.

"ನಮ್ಮ ಕಡೆ ದಾರಿ ಮರೆತಿಯಾ ಮಾರಾಯ?"

"ನಾನೆಂತ ಮಾಡ್ಲಿ ಅಕ್ಕ? ಪಟ್ಟಿಯಲ್ಲಿ ನಿಮ್ಮ ಕಡೆ ಕೆಂಪು ಹೋಯ್ತು, ಹಸಿರು ಬಂತು. ನಿಮ್ಮಲ್ಲಿ ಯಾವುದೋ ಒಂದು ಬಾವಿ ತುಂಬಿ ತುಳುಕ್ತಾ ಉಂಟಂತೆ. ಹಾಗೆ ಈ ವಾರ ನೀರೆಲ್ಲ ನಂದಿಕೂರು ಕಡೆಗೆ." ಅವನು ಬಾಯಿ ಒರೆಸಿಕೊಂಡ. "ಇವತ್ತು ನಾಲ್ಕು ಗಂಟೆಗೆ ನಾಳೆಯಿಂದ ಒಂದು ವಾರದ ಪಟ್ಟಿ ಆಗ್ತದೆ. ಅದರಲ್ಲೂ ಹಸಿರೇ ಇದ್ದರೆ ಇನ್ನು ಎಂಟು ದಿನ ನನ್ನ ಮುಖ ನೋಡುದು ಬೇಡ."

ಒಳಗಿನಿಂದ ಪೊರ್ಬುಗಳು ಅಮ್ಮಣ್ಣಿಯ ಮುಖ ನೋಡಿದರು. ಮೂವತ್ತು ವರ್ಷ ಅವಳ ಸಾಮಾನು ಕಟ್ಟಿದವರು. ಅವರಿಗೆ ಕೂಡಲೇ ಹೊಳೆಯಿತು. "ಯೇಸುವೇ," ಎಂದರು ಮೆತ್ತಗೆ. "ಅಮ್ಮಣ್ಣಕ್ಕ, ನೀವು ಆಫೀಸಿನವರಿಗೆ ಎಂತ ಹೇಳಿದಿರಿ?"

ಅವಳು ಅಲ್ಲೇ ಮೊಬೈಲು ತೆಗೆದಳು. ರೂಪೇಶನಿಗೆ ಫೋನ್ ಮಾಡಿದಳು, ಆರು ಸಲ. ಎತ್ತಲಿಲ್ಲ. ಬುಟ್ಟಿಯನ್ನು ಅಂಗಡಿಯಲ್ಲೇ ಬಿಟ್ಟು, ಮನೆಗೆ ಓಡಿ, ಒಂದು ಬಾಟಲಿಗೆ ಬಾವಿಯ ನೀರು ತುಂಬಿಸಿ, ಉಡುಪಿಯ ಬಸ್ಸು ಹತ್ತಿದಳು. ಬಾಟಲಿಯೇ ಮಾತಾಡಲಿ, ತಾನು ಬಾಯಿ ಬಿಡುವುದು ಬೇಡ ಎಂಬುದು ಅವಳ ಉಪಾಯ. ವಾಸು ಬರುವುದು ನಾಳೆ ಬೆಳಿಗ್ಗೆ. ಅಲ್ಲಿಯವರೆಗೆ ಆ ಮಾತು ಹೊರಗೆ ಬೀಳಬಾರದು. ಉಡುಪಿಯಲ್ಲಿ ಬಸ್ಸು ಬದಲಿಸಿ ಮಣಿಪಾಲದ ಗುಡ್ಡ ಹತ್ತುವಾಗ ಕಂಡಕ್ಟರ್ "ಚಿಲ್ಲರೆ ಉಂಟಾ?" ಎಂದು ಕೇಳಿದ. "ತುಂಬಿದೆ" ಎಂದು ನೂರರ ನೋಟು ಕೊಟ್ಟಳು. ಅವನು ಒಂದು ಸಲ ಅವಳ ಮುಖ, ಒಂದು ಸಲ ನೋಟು ನೋಡಿದ.

ರೂಪೇಶ್ ಕನ್ನಡಕದ ಬಡಕಲು ಮನುಷ್ಯ. ಅವಳ ಹೆಸರು ಕೇಳಿ ಕುರ್ಚಿಯಿಂದ ಎದ್ದೇ ನಿಂತ.

"ನೀವೇನಾ ಅಮ್ಮಣ್ಣಕ್ಕ! ಇಡೀ ಆಫೀಸಿನಲ್ಲಿ ನಿಮ್ಮ ಬಾವಿಯದ್ದೇ ಮಾತು. ನೋಡಿ, ಮಳೆಯ ಡಬ್ಬಿಯಲ್ಲಿ ಜೇಡ ಬಲೆ ಕಟ್ಟಿದೆ. ಬಜಗೋಳಿಯಲ್ಲಿ ಕೋಲು ನಿಂತಿದೆ, ಹೊಳೆ ಇಲ್ಲ..."

ಅಮ್ಮಣ್ಣಿ ಎರಡೂ ಕಿವಿ ಮುಚ್ಚಿಕೊಂಡಳು.

"...ನಿಮ್ಮದೊಂದು ಮಾತ್ರ ಹಸಿರು. ಅಡಿಯಲ್ಲಿ ಯಾವುದೋ ದೊಡ್ಡ ಒರತೆ ಇರಬೇಕು ಎಂದು ನಮ್ಮ ಸರ್ ಹೇಳಿದರು."

ಅವಳು ಬಾಟಲಿ ಮುಂದೆ ಚಾಚಿದಳು. ಬಿಸಿಲಲ್ಲಿ ಬಂದವಳು ಪ್ರೀತಿಯಿಂದ ಒರತೆಯ ನೀರು ತಂದಿದ್ದಾಳೆ ಎಂದು ಅವನು ಗಟಗಟ ಎರಡು ಗುಟುಕು ಕುಡಿದ. ಮೂರನೆಯದು ಕಿಟಕಿಯ ಹೊರಗೆ ಹೋಯಿತು.

"ಇದು ಉಪ್ಪು!"

"ಹೌದು."

"ಅಂದರೆ ಬಾವಿಯಲ್ಲಿ ನೀರು ಇಲ್ಲವಾ?"

"ತುಂಬಿದೆ," ಎಂದಳು. ಬೆವರು ಕುತ್ತಿಗೆಯಿಂದ ಇಳಿಯುತ್ತಿತ್ತು.

"ತುಂಬಿದ್ದರೆ ಇಷ್ಟು ದೂರ ಬಂದದ್ದು ಎಂತಕ್ಕೆ?"

"ತುಂಬಿದೆ ಎಂದೇ ಬಂದದ್ದು."

ರೂಪೇಶ್ ಕನ್ನಡಕ ತೆಗೆದು ಒರೆಸಿದ. ಗೋಡೆಯ ಗಡಿಯಾರದಲ್ಲಿ ಮೂರೂವರೆ ದಾಟಿತ್ತು. "ನೋಡಿ ಅಕ್ಕ, ಜೀಪು ಬರುವುದು ನಾಳಿದ್ದು. ನಾಲ್ಕಕ್ಕೆ ಪಟ್ಟಿ ಹೋಗುತ್ತದೆ. ಮೊನ್ನೆ ನಿಮ್ಮ ಬಾಯಿಂದಲೇ ತುಂಬಿದೆ ಎಂದು ಬರೆದುಕೊಂಡಿದ್ದೇನೆ. ತಿದ್ದಬೇಕಾದರೂ ನಿಮ್ಮ ಬಾಯಿಂದಲೇ ಬರಬೇಕು. ಉಂಟಾ, ಇಲ್ಲವಾ?"

ಅವಳು ತಲೆ ಅಲ್ಲಾಡಿಸಿದಳು.

"ಇದು ಹೌದಾ, ಅಲ್ಲವಾ?"

ಅವಳು ಇನ್ನೊಂದು ಥರ ಅಲ್ಲಾಡಿಸಿದಳು. ಅವನಿಗೆ ಅದೂ ಅರ್ಥವಾಗಲಿಲ್ಲ.

ತೆರೆದ ಕಿಟಕಿಯಾಚೆ, ಗುಡ್ಡದ ಕೆಳಗೆ, ತೆಂಗಿನ ತಲೆಗಳ ಆಚೆಗೆ, ಸಮುದ್ರ ಒಂದು ಬೂದು ಗೆರೆಯಾಗಿ ಕಾಣುತ್ತಿತ್ತು. ಆ ಗೆರೆಯ ಮೇಲೆ ಎಲ್ಲಿಯೋ ವಾಸು ಬಲೆ ಎಳೆಯುತ್ತಿದ್ದಾನೆ. ಗೆರೆ ಕಿವಿಗೊಟ್ಟು ಕಾಯುತ್ತಿದೆ ಎನಿಸಿತು ಅವಳಿಗೆ. ಹಾಗೆಯೇ ಬಾಗಿಲಲ್ಲಿ ನಿಂತ ಹರ್ಷಿಣಿ ನೆನಪಾದಳು. ಕಾದ ಕೊಡಪಾನಗಳ ಸಾಲು ನೆನಪಾಯಿತು. ಇನ್ನೂ ಎಂಟು ದಿನ.

"ಆ ಕಿಟಕಿ ಮುಚ್ಚಿ ಮಾರಾಯ್ರೇ," ಎಂದಳು.

"ಸೆಖೆ ಆಗುತ್ತದೆ."

"ಆಗಲಿ. ಮುಚ್ಚಿ."

ಅವನು ಮುಚ್ಚಿದ. ಅವಳು ಸಮುದ್ರಕ್ಕೆ ಬೆನ್ನು ಹಾಕಿ, ಕಾರ್ಕಳದ ಕಡೆಯ ಗೋಡೆಗೆ ಮುಖ ಮಾಡಿ ನಿಂತಳು. ಆಗ ಒಂದು ವಿಷಯ ತಲೆಗೆ ಬಂತು. ಸಮುದ್ರದ ಭಾಷೆ ತುಳು. ಬೋಟಿನವರು ಅದನ್ನು ಬೈಯುವುದು ತುಳುವಿನಲ್ಲಿ, ಬೇಡುವುದೂ ತುಳುವಿನಲ್ಲಿ. ಅಂದು ಬಾಯಿ ತಪ್ಪಿದ್ದೂ ತುಳುವಿನಲ್ಲೇ. ಕನ್ನಡ ಶಾಲೆಯಲ್ಲಿ ಕಲಿಯುವ ಭಾಷೆ. ತಾನು ಮೂರನೇ ಕ್ಲಾಸಿನವರೆಗೆ ಹೋಗಿದ್ದೇನೆ. ಸಮುದ್ರ ಒಂದನೇ ಕ್ಲಾಸಿಗೂ ಹೋಗಿಲ್ಲ.

ಗೋಡೆಗೆ ತುಟಿ ತಾಗಿಸಿ, ಪುಸ್ತಕದ ಕನ್ನಡದಲ್ಲಿ, ಮಗ್ಗಿ ಒಪ್ಪಿಸುವ ಹಾಗೆ ಹೇಳಿದಳು: "ನಮ್ಮ ಬಾವಿಯಲ್ಲಿ ನೀರು ಇಲ್ಲ."

ರೂಪೇಶ್ ಬರೆದುಕೊಂಡ. ಅವಳು ರುಜು ಹಾಕುವಾಗ ಅಮ್ಮಣ್ಣಿಯ ಎರಡು ಣಕಾರ ನಾಲ್ಕಾದವು.

ಆ ರಾತ್ರಿ ಅವಳು ಊಟ ಮಾಡಲಿಲ್ಲ. ಗಾಳಿ ಸ್ವಲ್ಪ ಜೋರಾದರೆ ಎದ್ದು ಕೂತಳು, ನಿಂತರೆ ಇನ್ನೂ ಹೆದರಿದಳು. ವಾಸುವಿನ ಫೋನ್ ಕಡಲಲ್ಲಿ ಸಿಗುತ್ತಿರಲಿಲ್ಲ. "ನೀವು ಕರೆ ಮಾಡಿದ ಚಂದಾದಾರರು" ಎಂದು ಹೆಂಗಸೊಬ್ಬಳು ಕನ್ನಡದಲ್ಲಿ ಹೇಳುತ್ತಿದ್ದಳು. ಮುಂದಿನ ಮಾತು ಕಿವಿಗೆ ಬೀಳುವ ಮೊದಲೇ ಅಮ್ಮಣ್ಣಿ ಫೋನ್ ಕಟ್ ಮಾಡುತ್ತಿದ್ದಳು.

ಬೆಳಿಗ್ಗೆ ಎಂಟಕ್ಕೆ ಟ್ಯಾಂಕರ್ ಬಂತು. ಬ್ರಯಾನ್ ಹಾರ್ನ್ ಹೊಡೆದ ರಭಸಕ್ಕೆ ತೆಂಗಿನಕಾಯಿಗಳೇ ಉದುರಬೇಕಿತ್ತು. ಮೊದಲ ಕೊಡ ಹರ್ಷಿಣಿಯ ಮನೆಗೆ ಹೋಯಿತು. ಆಮೇಲೆ ಕೊಡ, ಬಕೆಟು, ಡ್ರಮ್ಮು, ಮೀನಿಗೆ ಐಸ್ ಹಾಕುವ ಪೆಟ್ಟಿಗೆ, ಎಲ್ಲ ತುಂಬಿದವು. ಹೆಂಗಸರು ನಗುತ್ತಿದ್ದರು. ಅಮ್ಮಣ್ಣಿ ಮಾತ್ರ ಮೊಬೈಲನ್ನು ಎದೆಗೆ ಒತ್ತಿ ಹಿಡಿದು ಪಡುವಣಕ್ಕೆ ನೋಡುತ್ತಾ ನಿಂತಿದ್ದಳು. ಅದು ಕೂಗಿದಾಗ ಕೈಯಿಂದ ಜಾರಿ ಬೀಳುವುದರಲ್ಲಿತ್ತು.

"ಓಯ್ ಅಮ್ಮಣ್ಣಿ! ಬಂದರಿನ ಬಾಯಿಯಲ್ಲಿದ್ದೇವೆ!" ವಾಸುವಿನ ದನಿ. "ನಿನ್ನೆ ಎಂತ ಆಯ್ತು ಗೊತ್ತುಂಟಾ ಮಾರಾಯ್ತಿ? ಮೂರೂಮುಕ್ಕಾಲಿಗೆ ಸರಿಯಾಗಿ ಎಂಜಿನ್ ಕೆಮ್ಮಿತು, ನಿಂತಿತು."

ಅವಳ ಉಸಿರೂ ನಿಂತಿತು. ಮೂರೂಮುಕ್ಕಾಲು.

"ಎಷ್ಟು ಹೊತ್ತು?"

"ಒಂದು ಬೀಡಿ ಸೇದುವಷ್ಟು ಹೊತ್ತು. ತಿಮಿಂಗಿಲ ಬೋಟಿನ ಅಡಿಯ ಫ್ಯಾನ್ ಹಿಡಿದುಕೊಂಡಿತ್ತು. ನಾನು ಬಗ್ಗಿ ಎರಡು ಮಾತು ಬೈದೆ ನೋಡು, ಬಿಟ್ಟು ಹೋಯ್ತು."

ತಿಮಿಂಗಿಲವೋ, ಆಮೆಯ ನೆಂಟನೋ, ಅವಳಿಗೆ ಗೊತ್ತಿಲ್ಲ. ಒಂದು ಮಾತ್ರ ಗೊತ್ತಾಯಿತು. ಸಮುದ್ರಕ್ಕೆ ಕೇಳಿಸಿದೆ. ಇದೆಂತ ಮಾತು ಎಂದು ಒಂದು ಬೀಡಿ ಸೇದುವಷ್ಟು ಹೊತ್ತು ಯೋಚಿಸಿದೆ, ಅರ್ಥವಾಗದೆ ಬಿಟ್ಟಿದೆ.

"ಮೈಯೆಲ್ಲ ಉಪ್ಪು ಹಿಡಿದಿದೆ ಮಾರಾಯ್ತಿ," ಎಂದ ವಾಸು. "ಮನೆಯಲ್ಲಿ ಮೀಯಲಿಕ್ಕೆ ನೀರು ಉಂಟಾ?"

ಅವಳು ಅಂಗಳ ನೋಡಿದಳು. ಎಲ್ಲ ಪಾತ್ರೆಗಳೂ ಕಂಠದವರೆಗೆ ಹೊಳೆಯುತ್ತಿದ್ದವು. "ತುಂಬಿದೆ," ಎಂದಳು.

"ಅಯ್ಯೋ ದೇವರೇ! ಆಯ್ತು, ಬಂದರಿನಲ್ಲೇ ಮಿಂದು, ಎರಡು ಕ್ಯಾನ್ ನೀರು ಹಿಡಿದುಕೊಂಡು ಬರ್ತೇನೆ."

"ಅಲ್ಲ ಮಾರಾಯ್ರೇ, ನಿಜವಾಗಿ ತುಂಬಿದೆ!"

"ಅಷ್ಟೂ ಕಷ್ಟವಾ? ಹಾಗಾದರೆ ನಾಲ್ಕು ಕ್ಯಾನ್ ತರ್ತೇನೆ."

ಬಿಡಿಸಿ ಹೇಳಲು ಅವಳು ಬಾಯಿ ತೆರೆದಳು. ಖಾಲಿ ಇಲ್ಲ ಎನ್ನಬೇಕು. ಅದರಲ್ಲೂ ಆ ಮಾತು ಉಂಟು. ಬೋಟು ಇನ್ನೂ ದಡ ಮುಟ್ಟಿಲ್ಲ. ಸಮುದ್ರ ನಿನ್ನೆಯಿಂದ ಕನ್ನಡ ಕಲಿಯಲು ಶುರು ಮಾಡಿರಲೂಬಹುದು.

"ತನ್ನಿ," ಎಂದಳು ಅಮ್ಮಣ್ಣಿ.